ದ್ರಾಕ್ಷಿಗೆ ಕೇಳಿಸಿದ ಫ್ರೆಂಚ್ ಹಾಡುಗಳು

ಮಧ್ಯಾಹ್ನ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಕ್ಯಾಸೆಟ್ಟಿನ ಮೊದಲ ಮಗ್ಗುಲು ಮುಗಿಯಿತು. ಇಷ್ಟು ನಿಖರವಾಗಿ ಹೇಳಬಲ್ಲೆನಾದರೆ ಅದಕ್ಕೆ ನನ್ನ ಸ್ಮರಣಶಕ್ತಿ ಕಾರಣವಲ್ಲ. ಐದೂವರೆಯ ಚಿಕ್ಕೋಡಿ ಬಸ್ಸು ತಪ್ಪಬಾರದೆಂದು ಐದೈದು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ, ಅಷ್ಟೆ. ಕ್ಯಾಸೆಟ್ಟಿನ ಸ್ವಭಾವ ನಿಮಗೂ ಗೊತ್ತಿದೆ. ಅದು ಅರ್ಧ ಗಂಟೆ ಹಾಡಿ, ಟಕ್ ಎಂದು ಬಾಯಿ ಮುಚ್ಚಿಕೊಂಡು, ಇನ್ನರ್ಧ ಕೇಳಬೇಕಾದರೆ ನೀನೇ ಎದ್ದು ಬಾ ಎಂದು ಕಾಯುತ್ತದೆ. ರಸಿಕನಾದವನು ರಾಗಕ್ಕೆ ತಲೆದೂಗಿದರೆ ಸಾಲದು, ಕಾಲನ್ನೂ ಬಳಸಬೇಕು. ಕಾಲು ಬಳಸಬೇಕಾದರೆ ನಮ್ಮ ಸೀಮೆಯ ಮಾರ್ಚ್ ತಿಂಗಳಿನಲ್ಲಿ ಕಾಲಿಗೆ ಏನಾದರೂ ಬೇಕು. ನಾನು ಹತ್ತಿರ ಕಂಡ ಚಪ್ಪಲಿ ಮೆಟ್ಟಿಕೊಂಡು ಹೋದೆ. ಮುಂದಿನದೆಲ್ಲ ಅಲ್ಲಿಂದ ಶುರುವಾಯಿತು.

ಆದರೆ ಅಥಣಿ ಮತ್ತು ಕಾಗವಾಡದ ನಡುವಿನ ಒಂದು ದ್ರಾಕ್ಷಿ ತೋಟಕ್ಕೆ ಫ್ರೆಂಚ್ ಹಾಡು ಹೇಗೆ ಬಂತೆಂದು ಮೊದಲು ಹೇಳಬೇಕು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ತೋಟದ ಒಡೆಯರಾದ ನಮ್ಮ ಕಾಕಾ, ಅಂದರೆ ಚಿಕ್ಕಪ್ಪ, ಫ್ರಾನ್ಸಿಗೆ ಹೋಗಿ ಬಂದರು. ಹತ್ತಾರು ಮಂದಿ ಬೆಳೆಗಾರರು ಸೇರಿ, ಅಲ್ಲಿಯವರು ದ್ರಾಕ್ಷಿಯನ್ನು ಹೇಗೆ ಬೆಳೆಯುತ್ತಾರೆಂದು ನೋಡಿಬರಲು ಹೊರಟ ಪ್ರವಾಸ ಅದು. ಕಾಕಾ ಒಂದು ಟ್ರಂಕಿನ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದು, ಎಲ್ಲವನ್ನೂ ತಿಂದು ಮುಗಿಸಿ, ಅದೇ ಟ್ರಂಕಿನಲ್ಲಿ ಎರಡು ಕತ್ತರಿ ಮತ್ತು ಆರು ಕ್ಯಾಸೆಟ್ಟು ತಂದರು. ಕತ್ತರಿ ಯಾಕೆಂದು ಯಾರೂ ಕೇಳಲಿಲ್ಲ. ಕ್ಯಾಸೆಟ್ಟಿನ ಬಗ್ಗೆ ಮಾತ್ರ ಮನೆಯಲ್ಲಿ ವಿಚಾರಣೆ ನಡೆಯಿತು. ಕಾಕಾ ಶಾಂತರಾಗಿ ಉತ್ತರ ಕೊಟ್ಟರು: "ಅಲ್ಲಿ ತ್ವಾಟದಾಗ ಇದನ್ನಽ ಹಚ್ಚಿರ್ತಾರ. ಬಳ್ಳಿ ನೋಡಬೇಕು, ಹ್ಯಾಂಗ ಹಬ್ಯಾವು." ಅಲ್ಲಿಯ ಕೊಯ್ಲಿನ ಹೆಂಗಸರು ಬೇಸರ ಕಳೆಯಲು ರೇಡಿಯೋ ಹಚ್ಚಿಕೊಂಡದ್ದನ್ನು ನೋಡಿದ ಕಾಕಾ, ಅದು ಬೇಸಾಯದ ಕ್ರಮವೆಂದೇ ಗ್ರಹಿಸಿದ್ದರು. ಗೊಬ್ಬರ ಹಾಕುತ್ತಾರೆ, ಔಷಧಿ ಹೊಡೆಯುತ್ತಾರೆ, ಹಾಡು ಕೇಳಿಸುತ್ತಾರೆ. ನಾನು ತರ್ಕ ಹೂಡಲು ಹೋಗಿ ಸೋತೆ, ಯಾಕೆಂದರೆ ಆ ವರ್ಷ ಬೆಳೆ ನಿಜಕ್ಕೂ ಚೆನ್ನಾಗಿ ಬಂತು.

ನಿಪ್ಪಾಣಿಯಿಂದ ಒಂದು ದೊಡ್ಡ ಟೇಪ್ ರೆಕಾರ್ಡರ್ ಬಂತು. ಅದಕ್ಕೆ ಬೇವಿನ ಗಿಡದ ಬುಡದಲ್ಲಿ ಒಂದು ಕಟ್ಟೆ ಆಯಿತು. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆನಾದ್ದರಿಂದ, ಇಂಗ್ಲಿಷ್ ಬಂದವನಿಗೆ ಸಮುದ್ರದಾಚೆಯ ಭಾಷೆಗಳೆಲ್ಲ ಬರುತ್ತವೆಂಬ ತೋಟದ ಸಾಮಾನ್ಯ ನಂಬಿಕೆಯ ಪ್ರಕಾರ, ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ಬರುವುದಿಲ್ಲವೆಂದು ಹೇಳಬಹುದಿತ್ತು. ಹೇಳಲಿಲ್ಲ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮನುಷ್ಯ ಗೊತ್ತಿಲ್ಲವೆಂಬ ಮಾತನ್ನು ಮುಂದಿನ ದಿನಗಳಿಗೆಂದು ಉಳಿತಾಯ ಮಾಡಿಟ್ಟಿರುತ್ತಾನೆ. ಒಂದು ನೋಟ್‌ಬುಕ್ಕು ಕೊಂಡು, ರಜೆಯ ದಿನ ತೋಟಕ್ಕೆ ಹೋದಾಗಲೆಲ್ಲ ಕ್ಯಾಸೆಟ್ಟಿಗೊಂದು ಪುಟದಂತೆ ಅಭಿಪ್ರಾಯ ಬರೆಯತೊಡಗಿದೆ. ಈ ಬಗೆಯ ಹಾಡಿಗೆ ಶಾಂಸೋಂ ಎನ್ನುತ್ತಾರೆಂದು ಕ್ಯಾಸೆಟ್ಟಿನ ಹೊದಿಕೆ ನೋಡಿ ತಿಳಿದುಕೊಂಡೆ. ಅದಕ್ಕೆ ಹಾಡು ಎಂದಷ್ಟೇ ಅರ್ಥವೆಂದು ಕಾಲೇಜಿನ ಲೈಬ್ರರಿಯ ಹಳೆಯ ನಿಘಂಟು ಹೇಳಿದಾಗ ಸ್ವಲ್ಪ ನಿರಾಸೆಯಾಯಿತು.

ಹಾಡುವವರು ನಾಲ್ವರು ಗಂಡಸರು, ಇಬ್ಬರು ಹೆಂಗಸರು. ಒಬ್ಬ, ಗಡ್ಡ ಹೆರೆದುಕೊಳ್ಳುತ್ತ ಪಕ್ಕದ ಕೋಣೆಯವರೊಡನೆ ಮಾತಾಡುವವನ ಹಾಗೆ ಹಾಡುತ್ತಾನೆ. ಇನ್ನೊಬ್ಬ ಉಪನ್ಯಾಸದಂತೆ ಶುರು ಮಾಡಿ ಜಗಳದಂತೆ ಮುಗಿಸುತ್ತಾನೆ. ಹೆಂಗಸರಲ್ಲಿ ಒಬ್ಬಳು 'ರ'ಕಾರವನ್ನು ಗಂಟಲಿನ ತಳದಲ್ಲಿ ಇಟ್ಟುಕೊಂಡು ಜೋಳದ ಹಾಗೆ ಬೀಸುತ್ತಾಳೆ. ಹಿಂದುಗಡೆ ಹಾರ್ಮೋನಿಯಂನ ದಾಯಾದಿಯಂಥ ಒಂದು ವಾದ್ಯ ಉಬ್ಬಸ ಪಡುತ್ತಿರುತ್ತದೆ. ನಮ್ಮ ಗವಾಯಿಗಳು ಒಂದು ಮಾತು ಹಿಡಿದರೆ ಅದನ್ನು ಮುಕ್ಕಾಲು ಗಂಟೆ ಬಿಡುವುದಿಲ್ಲ. ಇವರಿಗೆ ಮೂರು ನಿಮಿಷದೊಳಗೆ ಇಡೀ ಸಂಸಾರವನ್ನು ಹೇಳಿ ಮುಗಿಸುವ ಅವಸರ. ಹೊದಿಕೆಯ ಮೇಲಿನ ಹೆಸರುಗಳನ್ನು ನಿಘಂಟಿನಲ್ಲಿ ಹುಡುಕಿದರೆ ಮಳೆ, ಸ್ಟೇಷನ್ನು, ಅಮ್ಮ, ಮತ್ತೆ ಮಳೆ. ಇಷ್ಟು ಬಂಡವಾಳದಿಂದ ನಾನು ಕೊಯ್ಲಿನ ಹೆಂಗಸರಿಗೆ ಅರ್ಥ ಹೇಳುತ್ತಿದ್ದೆ.

"ಗಂಡ ಬಿಟ್ಟು ಹೋಗ್ಯಾನ, ಸ್ಟೇಷನ್ನಿನಾಗ ನಿಂತು ಅಳಾಕತ್ತಾಳ" ಎಂದೆ ಒಂದು ಸಲ.

ಅವರಲ್ಲೊಬ್ಬಳಾದ ತಂಗೆವ್ವ ಕೈಯಲ್ಲಿದ್ದ ಗೊಂಚಲು ಬುಟ್ಟಿಗೆ ಹಾಕಿ, ತಲೆ ಓರೆ ಮಾಡಿ ಕೇಳಿದಳು. "ಅಳೂ ಧ್ವನಿ ಅಲ್ರಿ ಮಾಸ್ತರ್ರ ಇದು. ಬೈಯೂ ಧ್ವನಿ."

"ಇಲ್ಲ ತಂಗೆವ್ವ, ಬಾಳ ದುಃಖದ ಹಾಡು."

"ದುಃಖ ಆದ್ರ ದನಿ ಇಳೀತೈತ್ರಿ. ಇಕಿ ಏರಾಕತ್ತಾಳ. ಗಂಡ ಹೋಗಿಲ್ಲ, ಅಲ್ಲೇ ಎದುರಿಗೆ ನಿಂತಾನ, ತಲಿ ತಗ್ಗಿಸಿ."

ತಂಗೆವ್ವ ಆ ತೋಟದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು. ಕಾಕಾನ ತೋಟದಲ್ಲಿ ದ್ರಾಕ್ಷಿ ಒಣಗಿಸಿ ಮಾರುವ ಶೆಡ್ಡು ಇತ್ತು. ಬಲೆಯ ಅಂತಸ್ತುಗಳ ಮೇಲೆ ಹರವಿದ ದ್ರಾಕ್ಷಿ ಎರಡು ವಾರದಲ್ಲಿ ಒಣಗಿದ ಮೇಲೆ, ಬಂಗಾರದ ಬಣ್ಣ ಬರಲೆಂದು ಅದನ್ನು ಶೆಡ್ಡಿನ ಕೊನೆಯ ಕೋಣೆಯಲ್ಲಿಟ್ಟು ಗಂಧಕದ ಹೊಗೆ ಕೊಡುತ್ತಿದ್ದರು. ಒಬ್ಬರು ಒಳಗೆ ಹೋಗಿ ಬಾಣಲೆಯಲ್ಲಿ ಗಂಧಕ ಹೊತ್ತಿಸಿ ಬರುವುದು, ಇನ್ನೊಬ್ಬರು ಹೊರಗಿನಿಂದ ಅಗುಳಿ ಹಾಕಿ, ಸಂದಿಗಳಿಗೆ ಹಸಿ ಗೋಣಿಚೀಲ ತುರುಕುವುದು. ಆಮೇಲೆ ನಾಲ್ಕು ತಾಸು ಬಾಗಿಲು ತೆರೆಯುವಂತಿಲ್ಲ. ಹೊತ್ತಿಸುವವರು ಕಾಕಾ, ಅಗುಳಿ ಹಾಕುವವಳು ತಂಗೆವ್ವ. ಇಬ್ಬರ ನಡುವೆ ಮಾತಿಲ್ಲದ ಒಂದು ಒಪ್ಪಂದವಿತ್ತು. ತಿನ್ನುವ ಪದಾರ್ಥ ಇರುವಲ್ಲಿ ಚಪ್ಪಲಿ ಮೆಟ್ಟಿ ಹೋಗಬಾರದಲ್ಲ; ಹೀಗಾಗಿ ಕಾಕಾ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಚಪ್ಪಲಿ ಇದ್ದರೆ ಕಾಕಾ ಒಳಗಿದ್ದಾರೆ, ಇಲ್ಲದಿದ್ದರೆ ಹೊರಗೆ ಬಂದು ಹೋಗಿದ್ದಾರೆ. ಅಷ್ಟು ವರ್ಷದಲ್ಲಿ ಈ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಆ ದಿನ ಕಾಕಾನ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟವನು ನಾನು. ಅವರು ಒಳಗೆ ಹೋದದ್ದನ್ನು ನೋಡಿದವನೂ ನಾನು. ಅಷ್ಟರಲ್ಲಿ ಬೇವಿನ ಗಿಡದ ಕಡೆ ಟಕ್ ಎಂದಿತು. ನನ್ನ ಚಪ್ಪಲಿ ಶೆಡ್ಡಿನ ಆ ತುದಿಯಲ್ಲಿದ್ದವು. ಕಾಕಾನ ಕೊಲ್ಹಾಪುರಿ ಕಾಲ ಬುಡದಲ್ಲೇ ಇತ್ತು. ಗಿಡಕ್ಕೆ ಮೂವತ್ತು ಹೆಜ್ಜೆ. ಮೆಟ್ಟಿಕೊಂಡು ಹೋದೆ, ಕ್ಯಾಸೆಟ್ಟು ಮಗುಚಿ ಹಾಕಿದೆ. ಮೊದಲ ಸಲ ಕೇಳುತ್ತಿದ್ದ ಮಗ್ಗುಲು ಅದು, ಜೋಳ ಬೀಸುವ ಗಂಟಲಿನವಳದು. ಹಾಡು ಹಿಡಿಯಿತು. ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕು ತೆರೆದೆ. ಚಪ್ಪಲಿ ತಿರುಗಿ ಇಡಬೇಕೆಂಬುದು ಮರೆತುಹೋಯಿತು ಎಂದರೂ ಸುಳ್ಳಾಗುತ್ತದೆ, ಯಾಕೆಂದರೆ ಮರೆಯುವುದಕ್ಕೆ ಮೊದಲು ಅದು ನೆನಪಿನಲ್ಲಿರಬೇಕಲ್ಲ.

ಮೊದಲ ಹಾಡು ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಸಭೆಯ ಎದುರು ಹಾಡಿದ್ದನ್ನೇ ಮುದ್ರಿಸಿಕೊಂಡ ಕ್ಯಾಸೆಟ್ಟು ಇದು ಎಂದು ಬರೆದುಕೊಂಡೆ. ಎರಡನೆಯ ಹಾಡಿನ ನಡುವೆ ವಾದ್ಯಗಳೆಲ್ಲ ನಿಂತು, ಬರೀ ದಬ್ ದಬ್ ಎಂದು ಒಂದು ತಾಳ ಕೇಳಿತು. ನಾನು ಕಟ್ಟೆಯ ಕಲ್ಲಿನ ಮೇಲೆ ಬೆರಳಿನಿಂದ ಅದೇ ತಾಳ ಹಾಕಿದೆ. ಮೂರನೆಯ ಹಾಡಿನ ಅರ್ಧಕ್ಕೆ ತಂಗೆವ್ವ ಕಿರುಚಿದಳು.

ಅವಳು ಬಂದು ನೋಡಿ, ಚಪ್ಪಲಿ ಇಲ್ಲದ್ದರಿಂದ ಅಗುಳಿ ಹಾಕಿ, ಗೋಣಿಚೀಲ ತೋಯಿಸಿ ತರಲು ತೋಟದ ಆ ಕೊನೆಯ ನೀರಿನ ಹೌದಿನ ಕಡೆ ಹೋಗಿದ್ದಳು. ತಿರುಗಿ ಬಂದು ಬಾಗಿಲ ಬುಡಕ್ಕೆ ಚೀಲ ತುರುಕಲು ಬಗ್ಗಿದರೆ, ಸಂದಿಯಲ್ಲಿ ನಾಲ್ಕು ಬೆರಳು. ಬಾಗಿಲು ತೆರೆದು ಕಾಕಾನನ್ನು ಹೊರಗೆ ಎಳೆದವಳು ಅವಳೇ. ನಾನು ಓಡಿ ಬಂದೆ. ಕಾಕಾ ಮೊದಲು ಕೂಗಿದ್ದರು. ಗಂಧಕ ಮೊದಲು ತಿಂದದ್ದು ಧ್ವನಿಯನ್ನು. ಹತ್ತಿರದ ಅಂತಸ್ತಿನ ದ್ರಾಕ್ಷಿಯನ್ನೆಲ್ಲ ಬಾಣಲೆಯ ಮೇಲೆ ಸುರುವಿ ಬೆಂಕಿ ಅಡಗಿಸಿದ್ದರಿಂದ ಜೀವ ಉಳಿದಿತ್ತು. ನಾವಿಬ್ಬರೂ ಅವರನ್ನು ನೆರಳಿಗೆ ಮಲಗಿಸಿದಾಗ ನನಗೆ ಕಂಡದ್ದು ನನ್ನ ಕಾಲು. ಆ ಕಾಲಿನಲ್ಲಿದ್ದ ಚಪ್ಪಲಿ.

ಇಲ್ಲಿ, ಓದುಗರೇ, ನೀವು ನನ್ನ ಬಗ್ಗೆ ಏನು ಬೇಕಾದರೂ ತಿಳಿಯಿರಿ. ನಾನು ಯೋಚನೆ ಮಾಡಿ ಮಾಡಿದೆನೆಂದು ಅನಿಸುವುದಿಲ್ಲ. ಯೋಚನೆ ಮಾಡಲಿಲ್ಲವೆಂದು ಪ್ರಮಾಣ ಮಾಡಲಾರೆ. ನೀರು ತರಲು ಎದ್ದವನು ಬಾಗಿಲ ಬದಿಯಲ್ಲಿ ಹಾದು ಹೋದೆ, ಅಲ್ಲಿ ಕಾಲು ಚಪ್ಪಲಿಯಿಂದ ಜಾರಿಕೊಂಡಿತು, ಬರಿಗಾಲಿನಲ್ಲಿ ಮುಂದೆ ನಡೆದೆ. ಎರಡು ನಿಮಿಷದಲ್ಲಿ ತೋಟದವರೆಲ್ಲ ಕೂಡಿದರು. ಕಾಕು, ಅಂದರೆ ಕಾಕಾನ ಹೆಂಡತಿ, ಮನೆಯಿಂದ ಓಡಿ ಬಂದು ಎಲ್ಲ ಕೇಳಿ, ತಂಗೆವ್ವನಿಗೆ ಹೊಸ್ತಿಲ ಕಡೆ ಬೆರಳು ಮಾಡಿ ತೋರಿಸಿದರು.

"ಚಪ್ಪಲಿ ಅಲ್ಲೇ ಅದಾವಲ್ಲ ಬೇ. ನಿನ್ನ ಕಣ್ಣ ಎಲ್ಲಿ ಇದ್ದೂ?"

"ಇರಲಿಲ್ರಿ ಅವ್ವಾರ."

"ಮತ್ತ ರೆಕ್ಕಿ ಬಂದು ಹಾರಿ ಬಂದೂ ಏನು?"

ತಂಗೆವ್ವ ಚಪ್ಪಲಿ ನೋಡಿದಳು, ಸುತ್ತಲಿನವರನ್ನು ನೋಡಿದಳು. "ಇರಲಿಲ್ರಿ" ಎಂದು ಇನ್ನೊಂದು ಸಲ ಹೇಳಿದಳು, ಮೊದಲಿನದಕ್ಕಿಂತ ಮೆಲ್ಲಗೆ. ಕಾಕಾನನ್ನು ಜೀಪಿನಲ್ಲಿ ಮಿರಜದ ದವಾಖಾನೆಗೆ ಒಯ್ದೆವು. ನಾಳೆಯಿಂದ ಬರಬೇಡವೆಂದು ಕಾಕು ಅವಳಿಗೆ ಹೇಳಿದ್ದು ನನಗೆ ಮರುದಿನ ತಿಳಿಯಿತು. ಕಾಕಾ ಒಳಗಿನಿಂದ ಬಾಗಿಲು ಬಡಿದ ಸದ್ದು ನಿನಗೆ ಕೇಳಿಸಲಿಲ್ಲವೇ ಎಂದು ಜೀಪಿನಲ್ಲಿ ಕಾಕು ಕೇಳಿದಾಗ, ಇಲ್ಲವೆಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಮುಂದೆ ಮೂರು ವಾರ ನಾನು ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ನಾಲ್ಕು ಗಂಟೆ ಹನ್ನೆರಡು ನಿಮಿಷ, ಮೂವತ್ತು ಹೆಜ್ಜೆ, ಟಕ್. ಆ ಆರೂ ಕ್ಯಾಸೆಟ್ಟುಗಳನ್ನು ಕಾಕುವಿನಿಂದ ಇಸಿದುಕೊಂಡು ಚಿಕ್ಕೋಡಿಯ ಕೋಣೆಗೆ ತಂದೆ. ಮನೆಯ ಮಾಲೀಕರು, ಕಾಕಾನಿಗೆ ಹೀಗಾದ ದುಃಖವನ್ನು ಮಾಸ್ತರರು ಸಂಗೀತದಲ್ಲಿ ಮರೆಯುತ್ತಿದ್ದಾರೆಂದು ಓಣಿಯವರಿಗೆ ಹೇಳಿದರಂತೆ. ಸಂಗೀತಶಾಸ್ತ್ರದ ಇತಿಹಾಸದಲ್ಲಿ ಯಾರು ಯಾವ ಯಾವ ಕಾರಣಕ್ಕೆ ಹಾಡು ಕೇಳಿದ್ದಾರೋ ತಿಳಿಯದು. ನನ್ನದು ರಸಿಕತೆಯಿಂದಲ್ಲ, ತನಿಖೆಯಿಂದ ಹುಟ್ಟಿದ ವಿದ್ವತ್ತು. ಮೊದಲಿಗೆ ಬೇಕಾಗಿದ್ದದ್ದು ಹೊತ್ತು: ಎರಡನೆಯ ಮಗ್ಗುಲಿನ ಶುರುವಿನಿಂದ ಮೂರನೆಯ ಹಾಡಿನ ಅರ್ಧದವರೆಗೆ ಗಡಿಯಾರ ಹಿಡಿದು ನೋಡಿದರೆ ಒಂಬತ್ತು ನಿಮಿಷ ಚಿಲ್ಲರೆ. ಅದರಲ್ಲಿ ಕಾಕಾ ಗಂಧಕ ಹೊತ್ತಿಸಿದ ಹೊತ್ತು ಕಳೆದರೆ ಆರೋ ಏಳೋ. ಕಡಿಮೆ ಬರಲೆಂದು ಮತ್ತೆ ಮತ್ತೆ ಅಳೆದೆ. ಹಾಡು ಅಳತೆಗೆ ತಕ್ಕಂತೆ ಕುಗ್ಗುವ ವಸ್ತುವಲ್ಲ.

ಹೀಗೆ ಅಳೆಯುತ್ತ ಅಳೆಯುತ್ತ ನನಗೆ ಗೊತ್ತಿಲ್ಲದೆಯೇ ಆ ಹಾಡುಗಳು ನನಗೆ ಪರಿಚಯವಾದವು. ಗಡ್ಡ ಹೆರೆಯುವವನು ಸಾಲಿನ ಕೊನೆಯಲ್ಲಿ ಸದಾ ಅರ್ಧ ಹೆಜ್ಜೆ ತಡ ಮಾಡುತ್ತಾನೆ. ಬಾಗಿಲಲ್ಲಿ ನಿಂತು ಹೋಗಲೋ ಬೇಡವೋ ಎನ್ನುವವನ ತಡ ಅದು. ಜಗಳದವನು ಕೂಗುವುದು ಒಂದೇ ಸಲ, ಅದಕ್ಕೂ ಮುಂಚೆ ಉಗುಳು ನುಂಗುವುದು ಕೇಳುತ್ತದೆ. ಇವರ ಸಂಗೀತವೆಂದರೆ ರಾಗಕ್ಕಿಂತ ಹೆಚ್ಚಾಗಿ ಮನುಷ್ಯರ ಬಾಯಿ, ಗಂಟಲು, ಉಸಿರು. ತಂಗೆವ್ವ ನನ್ನನ್ನು ತಿದ್ದಿದ್ದ ಆ ಸ್ಟೇಷನ್ನಿನ ಹಾಡನ್ನು ಹತ್ತನೆಯ ಸಲವೋ ಹನ್ನೆರಡನೆಯ ಸಲವೋ ಕೇಳುವಾಗ ಅವಳ ಮಾತು ಸರಿ ಎಂದು ಖಚಿತವಾಯಿತು. ಅದು ಬೈಯುವ ಧ್ವನಿಯೇ. ಎದುರಿಗೆ ಒಬ್ಬ ತಲೆ ತಗ್ಗಿಸಿ ನಿಂತೇ ಇದ್ದಾನೆ. ಒಂದಕ್ಷರ ಫ್ರೆಂಚ್ ಬರದೆ ಆಕೆ ಅದನ್ನು ಮೊದಲ ಸಲಕ್ಕೇ ಹೇಳಿದ್ದಳು. ಇಂಥ ಕಿವಿಯವಳ ಕಣ್ಣನ್ನು ನಾವೆಲ್ಲ ಸೇರಿ ಅನುಮಾನಿಸಿದ್ದೆವು.

ಆಮೇಲೆ ಒಂದು ಸಂಜೆ, ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಆ ಎರಡನೆಯ ಹಾಡು ಕೇಳುತ್ತಿದ್ದೆ. ಪುಟದ ಮೇಲೆ ನನ್ನದೇ ಅಕ್ಷರ: 'ನಡುವೆ ವಾದ್ಯಗಳೆಲ್ಲ ನಿಂತು ಬರೀ ತಾಳ. ಅದ್ಭುತ.' ಆ ಜಾಗ ಬಂತು. ವಾದ್ಯಗಳು ನಿಂತವು. ಹಾಡುವವಳು ಉಸಿರು ಹಿಡಿದು ಕಾದಳು. ತಾಳ ಇರಲಿಲ್ಲ. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ. ಸುತ್ತಿ ಸುತ್ತಿ ಎಷ್ಟು ಸಲ ಕೇಳಿದೆನೋ, ಟೇಪು ಆ ಜಾಗದಲ್ಲಿ ಸವೆದು ನಡುಗತೊಡಗಿತು. ಸಭೆಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು, ಕುರ್ಚಿ ಸರಿದದ್ದು ಕೇಳಿಸಿತು. ತಾಳ ಮಾತ್ರ ಇರಲಿಲ್ಲ. ಆ ಮೌನದೊಳಕ್ಕೆ ಬಂದು ಬಡಿದದ್ದು ಕಾಕಾನ ಕೈ. ಪರಿಚಯವಿಲ್ಲದ ಹಾಡಿನಲ್ಲಿ ಎಲ್ಲ ಸದ್ದೂ ಹಾಡೇ ಆಗಿಬಿಡುತ್ತದೆ. ನಾನು ಅದಕ್ಕೆ ಬೆರಳು ಕುಣಿಸಿದ್ದೆ, ಮೇಲಾಗಿ ಪ್ರಶಂಸೆಯನ್ನೂ ಬರೆದಿದ್ದೆ.

ಮುಂದಿನ ಭಾನುವಾರ ತಂಗೆವ್ವನ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಜೋಳ ಕೇರುತ್ತಿದ್ದಳು.

"ಏನ್ರಿ ಮಾಸ್ತರ್ರ, ಬಸ್ಸು ದಾರಿ ತಪ್ಪೇತೇನು?"

ನಿಂತುಕೊಂಡೇ ಹೇಳಿದೆ. ಚಪ್ಪಲಿ ಮೆಟ್ಟಿದ್ದು, ತಾಳ, ಆಮೇಲೆ ಹೊಸ್ತಿಲಲ್ಲಿ ಬಿಟ್ಟದ್ದು. ಮೊರ ಆಡುತ್ತಲೇ ಇತ್ತು. ಕೊನೆಯದನ್ನು ಹೇಳಿದಾಗ ನಿಂತಿತು.

"ಅಂದ್ರ ಇರಲಿಲ್ಲ."

"ಇರಲಿಲ್ಲ."

"ನಾ ಅಥಣಿಗೆ ಹೋಗಿ ಕಣ್ಣ ತೋರಿಸ್ಕೊಂಡು ಬಂದೀನ್ರಿ" ಎಂದಳು. "ಡಾಕ್ಟರ್ ಕಣ್ಣ ಚೊಲೋ ಅದಾವು ಅಂದ. ಹಂಗಾದ್ರ ತಲಿ ಕೆಟ್ಟಿರಬೇಕು ಅಂತ ತಿಳ್ಕೊಂಡೆ. ಮನ್ಯಾಗ ಒಲಿ ಹಚ್ಚೂಮುಂದ ಮಮ್ಮಗಳನ್ನ ಕರೀತೀನಿ, ಒಳಗ ಯಾರೂ ಇಲ್ಲ ಹೌದಿಲ್ಲೋ ನೋಡಽ ಅಂತ."

ಕ್ಷಮೆ ಕೇಳಲೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯದ ಮೊದಲರ್ಧ ಹೇಳುವಷ್ಟರಲ್ಲಿ ಆಕೆ ಕೈ ಎತ್ತಿದಳು.

"ಇಲ್ಲಿ ಯಾಕ ಹೇಳ್ತೀರಿ? ಇಲ್ಲಿ ಕೋಳಿ ಅದಾವು ಕೇಳಾಕ. ನನಗ ಎಲ್ಲಿ ನಿಂದರಿಸಿ ಅಂದಾರ, ಅಲ್ಲಿ ಹೇಳ್ರಿ. ನಡೀರಿ, ನಾನೂ ಬರ್ತೀನಿ. ಅರ್ಧಾ ಹೇಳಿ ಅರ್ಧಾ ನುಂಗಿದ್ರಿ ಅಂದ್ರ?"

ಮೊರವನ್ನು ಗೋಡೆಗೆ ಆನಿಸಿಟ್ಟು, ಸೆರಗು ಕೊಡವಿ, ಆಕೆ ಮುಂದೆ, ನಾನು ಹಿಂದೆ. ತೋಟ ಮುಟ್ಟಿದಾಗ ಹೆಂಗಸರು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ಕಾಕಾ ದವಾಖಾನೆಯಿಂದ ಬಂದು ವಾರವಾಗಿತ್ತು. ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದರು. ಕಾಕು ಅವರಿಗೆ ಗಂಜಿ ಕೊಡುತ್ತಿದ್ದರು. ನಾಲ್ಕು ವರ್ಷ ತರಗತಿಯಲ್ಲಿ ನಿಂತು ಮಾತಾಡಿದ ಅನುಭವ ಅಂದು ಯಾವ ಕೆಲಸಕ್ಕೂ ಬರಲಿಲ್ಲ. ಎಲ್ಲ ಹೇಳಿದೆ. ನಾನು ನಿಲ್ಲಿಸಿದಲ್ಲೆಲ್ಲ ತಂಗೆವ್ವ, "ಮುಂದ?" ಎನ್ನುತ್ತಿದ್ದಳು. ನೋಟ್‌ಬುಕ್ಕನ್ನೂ ಕಾಕಾನ ಕೈಗೆ ಕೊಟ್ಟೆ.

ಕಾಕು ಗಂಜಿಯ ಬಟ್ಟಲು ಕೆಳಗಿಟ್ಟರು. "ಆ ಚಪ್ಪಲಿ ಅಲ್ಲಿ ಇಟ್ಟಾಂವಾ ನೀನಾ?" ಎಂದು ಕೇಳಿದರು. ಹೌದೆಂದೆ. ಅಷ್ಟೇ. ಆ ಹಂಗಾಮು ಮುಗಿಯುವವರೆಗೆ ಅವರು ನನ್ನೊಡನೆ ಇನ್ನೊಂದು ಮಾತಾಡಲಿಲ್ಲ. ಚಹಾ ಕೊಡುತ್ತಿದ್ದರು, ಕಪ್ಪನ್ನು ನೆಲದ ಮೇಲಿಟ್ಟು. ತಂಗೆವ್ವನ ಕ್ಷಮೆಯನ್ನೂ ಬಾಯಿಬಿಟ್ಟು ಕೇಳಲಿಲ್ಲ. ಆ ದಿನದಿಂದ ಬೀಗ ಹಾಕಿಟ್ಟಿದ್ದ ಗಂಧಕದ ಕೋಣೆಯ ಕೀಲಿಕೈಯನ್ನು ಅಲ್ಲೇ ಸೊಂಟದಿಂದ ಬಿಚ್ಚಿ ಅವಳ ಮುಂದೆ ಹಿಡಿದರು. ತಂಗೆವ್ವ ತಕ್ಷಣ ತೆಗೆದುಕೊಳ್ಳಲಿಲ್ಲ. ಎಲ್ಲರೂ ನೋಡುವಷ್ಟು ಹೊತ್ತು ಆ ಕೈಯನ್ನು ಹಾಗೇ ಇರಗೊಟ್ಟು, ಆಮೇಲೆ ತೆಗೆದುಕೊಂಡಳು.

ಕಾಕಾ ಪುಟ ತಿರುವಿ ಓದುತ್ತಿದ್ದರು. ಅವರ ಧ್ವನಿ ಅರ್ಧಕ್ಕರ್ಧ ಹೋಗಿತ್ತು. ಉಳಿದದ್ದು ಗರಗಸದ ಸದ್ದಿನಂತಿತ್ತು.

"ತಾಳ ಅದ್ಭುತ ಅಂತ ಬರದೀಯಲ್ಲೋ ತಮ್ಮಾ" ಎಂದರು. "ನಾ ಸಾಯಾಕತ್ತಿದ್ದೆ."

ಕಾಕಾನೇ ಮೊದಲು ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಮುಗಿಯುವ ಹೊತ್ತಿಗೆ ಹೆಂಗಸರೂ ನಗುತ್ತಿದ್ದರು. "ಮಾಸ್ತರ್ರ, ಮುಂದಿನ ಹಾಡಿಗೆ ಯಾರನ್ನ ಕೂಡಿ ಹಾಕೂದ್ರಿ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ತಂಗೆವ್ವ ನಗಲಿಲ್ಲ. ನನ್ನ ಕಡೆ ನೋಡಿ, "ಊಟಾ ಮಾಡೀರೇನ್ರಿ?" ಎಂದಳು. ಇಲ್ಲವೆಂದೆ. ಯಾರದೋ ಬುತ್ತಿಯಿಂದ ಒಂದು ರೊಟ್ಟಿ ತೆಗೆದು ನನ್ನ ಕೈಯಲ್ಲಿಟ್ಟಳು. ಪಲ್ಯ ಹಾಕಲಿಲ್ಲ.

ನಾನು ಈಗಲೂ ಆ ಹಾಡುಗಳನ್ನು ಆಗೀಗ ಕೇಳುತ್ತೇನೆ. ಮೂರು ವಾರದ ತನಿಖೆಯಲ್ಲಿ ಬಂದ ಜ್ಞಾನ, ಬೇಡವೆಂದರೂ ಹೋಗುವುದಿಲ್ಲ. ಯಾರಾದರೂ ಅರ್ಥ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ; ಉಳಿತಾಯದ ಆ ಮಾತು ಈಗ ಧಾರಾಳವಾಗಿ ಖರ್ಚಾಗುತ್ತಿದೆ.

ಆ ಭಾನುವಾರ ಸಂಜೆಯ ಬಸ್ಸಿಗೆ ಚಿಕ್ಕೋಡಿಗೆ ಮರಳಿದೆ. ದೀಪ ಹಚ್ಚುವ ಹೊತ್ತಿಗೆ ಹಾಸಿಗೆಯ ಮೇಲೆ ಕೂತದ್ದು ನೆನಪಿದೆ, ಮಲಗಿದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಹತ್ತಿತ್ತು; ಏಳೂವರೆಯ ಮೊದಲ ತರಗತಿ ಮುಗಿದುಹೋಗಿತ್ತು, ಎರಡನೆಯದೂ. ಪ್ರಾಂಶುಪಾಲರು ಶಿಸ್ತಿನ ಮನುಷ್ಯ. ಮಧ್ಯಾಹ್ನದೊಳಗೆ ಮೆಮೊ ಬಂತು: ಸೋಮವಾರದ ಎರಡು ತರಗತಿಗಳನ್ನು ತೆಗೆದುಕೊಳ್ಳದಿರಲು ಕಾರಣವೇನು, ಲಿಖಿತವಾಗಿ ತಿಳಿಸುವುದು. ಬಹಳ ಹೊತ್ತು ಯೋಚಿಸಿ, ಕಾಗದ ತೆಗೆದುಕೊಂಡು, ನಿದ್ದೆ ಬಂದಿತ್ತು ಎಂದು ಬರೆದು ಸಹಿ ಮಾಡಿ ಕಳಿಸಿದೆ.